ರಾಜೀನಾಮಿ ಕೊಡೂ ಮೊದ್ಲ ಇದನ್ನ ಓದು, ತಮ್ಮಾ

ತಮ್ಮಾ,

ನಿಮ್ಮ ಕಾಕಾ ಮಾಡೂ ಆಶೀರ್ವಾದ. ಇಲ್ಲೆ ಎಲ್ಲಾರೂ ಆರಾಮ ಅದೇವಿ, ನಿಮ್ಮವ್ವನ ಮಣಕಾಲ ನೋವು ಸ್ವಲ್ಪ ಕಡಿಮಿ ಆಗೈತಿ. ಫೋನಿನ್ಯಾಗ ಮಾತಾಡೂಮುಂದ ನಿನಗೂ ಮೀಟಿಂಗ್ ಇರ್ತಾವ, ನನಗೂ ಹೊಲದಾಗ ಸಿಗ್ನಲ್ ಸಿಗಂಗಿಲ್ಲ, ಅದಕ್ಕ ಹೇಳೂದೆಲ್ಲಾ ಒಮ್ಮೆಲೆ ಟೈಪ್ ಮಾಡಿ ಕಳಸಾಕತ್ತೇನಿ. ಉದ್ದ ಆಗೈತಿ, ಪುರಸೊತ್ತಿಲೆ ಓದು.

ಹಬ್ಬಕ್ಕ ಬಂದಾಗ ನೀ ನನ್ನ ಫೋನಿಗೆ ಹಾಕಿಕೊಟ್ಟು ಹೋದಿಯಲ್ಲ ಸ್ಟಾರ್‌ಡ್ಯೂ ವ್ಯಾಲಿ ಅನ್ನೂ ಒಕ್ಕಲತನದ ಗೇಮ್, ಅದನ್ನ ನಾ ಇನ್ನೂ ಆಡಾಕತ್ತೇನಿ. ಈಗ ಗೇಮಿನ್ಯಾಗ ಎರಡನೇ ವರ್ಷದ ಬ್ಯಾಸಗಿ ನಡದೈತಿ. ನೀನೂ ಅದನ್ನ ಆಡಾಕತ್ತಿ, ಆಡತಾ ಆಡತಾ ನಿನ್ನ ಮನಸ್ಸು ಎಲ್ಲಿ ಹೋಗೈತಿ ಅನ್ನೂದು ಮೊನ್ನೆ ಮಾತಿನ್ಯಾಗ ಗೊತ್ತಾತು. "ಕಾಕಾ, ನೌಕರಿ ಬಿಟ್ಟು ಊರಿಗೆ ಬಂದ್ಬಿಡ್ತೇನಿ, ಅಪ್ಪನ ಪಾಲಿನ ಹೊಲಾ ನಾನ ಮಾಡ್ತೇನಿ" ಅಂದಿ. ನಿಮ್ಮವ್ವ ಅವತ್ತ ರಾತ್ರಿ ಊಟಾ ಬಿಟ್ಲು. ನಾ ಹಂಗ ಗಾಬರಿ ಆಗಲಿಲ್ಲ, ಯಾಕಂದ್ರ ಆ ಗೇಮ್ ಆಡಿದವರಿಗೆ ಹಂಗ ಅನಸೂದು ಸಹಜ ಐತಿ, ಅದರ ಕತೀನ ಹಂಗೈತಿ. ಅಜ್ಜ ಸಾಯೂಮುಂದ ಮೊಮ್ಮಗನ ಕೈಯಾಗ ಮುಚ್ಚಿದ ಪತ್ರ ಕೊಡ್ತಾನ, ಜೀವಾ ಪೂರ್ತಿ ಬ್ಯಾಸತ್ತ ದಿನ ಒಡದು ಓದು ಅಂತಾನ, ಮೊಮ್ಮಗ ಜೋಜಾ ಅನ್ನೂ ದೊಡ್ಡ ಕಂಪನಿಯಾಗ ಕಂಪ್ಯೂಟರ್ ಮುಂದ ಕುಂತು ಕುಂತು ಸಾಕಾಗಿ ಒಂದ ದಿನ ಆ ಪತ್ರ ಒಡಿತಾನ, ಒಳಗ ಹೊಲದ ಕಾಗದಾ ಇರ್ತಾವ. ಅದನ್ನ ನೋಡಿ ನಿನಗ ನಿಮ್ಮಜ್ಜ ನೆನಪಾಗಿರಬೇಕು. ನನಗೂ ನಮ್ಮಪ್ಪ ನೆನಪಾದ.

ಆದ್ರ ತಮ್ಮಾ, ಆ ಮೊಮ್ಮಗ ಹೊಲಕ್ಕ ಬಂದು ಇಳಿಯೂಮುಂದ ಅವನ ಕೈಯಾಗ 500 ನಾಣ್ಯ ಇರ್ತಾವ, ತಲಿಮ್ಯಾಲೆ ಒಂದ ಪೈ ಸಾಲ ಇರಂಗಿಲ್ಲ, ಊರ ಹಿರಿಯಾ ಮ್ಯಾಲೆ 15 ಪಾರ್ಸ್‌ನಿಪ್ ಅನ್ನೂ ಗಜ್ಜರಿಯಂಥ ಬೆಳೀ ಬೀಜಾ ಪುಕ್ಕಟೆ ಕೊಡ್ತಾನ. ನಿಮ್ಮಜ್ಜ ನನಗೂ ನಿಮ್ಮಪ್ಪಗೂ ಹೊಲಾ ಬಿಟ್ಟು ಹೋದಾಗ ಅದರ ಜೋಡಿ ಸಾಲಾನೂ ಬಂತು, ಅದನ್ನ ನಾವಿಬ್ರೂ ಕೂಡಿ ತೀರಿಸೂದರಾಗ ನೀ ಹೈಸ್ಕೂಲ್ ಮುಗಿಸಿದ್ದಿ. ನಿನಗ ಅದು ಗೊತ್ತಿಲ್ಲ, ನಿಮ್ಮಪ್ಪ ಹೇಳಗೊಡ್ತಿರಲಿಲ್ಲ.

ಮೊದ್ಲ ಆ ಗೇಮಿನ್ಯಾಗ ಏನು ಚಲೋ ಐತಿ ಅನ್ನೂದು ಹೇಳ್ತೇನಿ, ಯಾಕಂದ್ರ ನನಗ ಅದು ಖರೇನ ಬಾಳ ಸೇರೈತಿ. ಮುಂಜಾನೆ 6ಕ್ಕ ಎದ್ರ ರಾತ್ರಿ 2ರ ಒಳಗ ಹಾಸಿಗ್ಗೆ ಹೋಗಬೇಕು, ಇಲ್ಲಾಂದ್ರ ಎಲ್ಲಿದ್ದಿ ಅಲ್ಲೇ ಬಿದ್ದು ರೊಕ್ಕಾ ಕಳಕೋತಿ, ಮಾರನೇ ದಿನ ಮೈಯಾಗ ಪೂರ್ತಿ ಕಸುವು ಇರಂಗಿಲ್ಲ. ಮಲಗಿದ್ರ ಅವತ್ತಿನ ಕೆಲಸಾ ಸೇವ್ ಆಗತೈತಿ. ಇದನ್ನ ಮಾಡಿದಾವಗ ದುಡಿಯೂ ಮನಿಶ್ಯಾನ ದಿನಾ ಹೆಂಗಿರ್ತೈತಿ ಅನ್ನೂದು ತಿಳದೈತಿ. ನೀ ಮಾತ್ರ ಅದನ್ನ ಖರೇ ರಾತ್ರಿ 2ರ ತನಕ ಆಡ್ತಿ, ವಾಟ್ಸಾಪ್ ನ್ಯಾಗ ಲಾಸ್ಟ್ ಸೀನ್ ನಾ ನೋಡ್ತೇನಿ, ಅದನ್ನ ಬಿಡು, ಮಲಗು. ಗೇಮಿನ್ಯಾಗ ಟಿವಿ ಹಚ್ಚಿ ನಾಳಿನ ಮಳಿ ನೋಡಿ ಕೆಲಸಾ ಹಂಚಿಗೋಳೂದು ಚಲೋ. ಪಿಯರ್‌ನ ಬೀಜದ ಅಂಗಡಿ ಬುಧವಾರ ಬಂದ್ ಇರ್ತೈತಿ ಅನ್ನೂದು ನೆನಪಿಟ್ಟು ಬೀಜಾ ಮೊದ್ಲ ತಂದಿಟಗೊಳ್ಳೂದು ಚಲೋ. ಎಲ್ಲಾಕ್ಕಿಂತ ಚಲೋ ಅಂದ್ರ ಊರ ಮಂದಿ. ಬಂದ ಹೊಸದಾಗ ಯಾರೂ ಸರಿಯಾಗಿ ಮಾತಾಡ್ಸಂಗಿಲ್ಲ, ದಿನಾ ಹೋಗಿ ಮಾತಾಡ್ಸಿ, ವಾರಕ್ಕೆರಡು ಸಲ ಅವರಿಗೆ ಸೇರೂದು ಏನರ ಕೈಯಾಗ ಕೊಟ್ರ ನಿಧಾನಕ್ಕ ಮನಿ ಬಾಗಲಾ ತಗೀತಾರ. ಹಳ್ಳಿಯಾಗ ಬಾಳೇ ಮಾಡೂದು ಹಂಗ ಐತಿ. ನೀ ಊರು ಬಿಟ್ಟು ಬಾಳ ವರ್ಷ ಆತು, ನಮ್ಮ ಓಣ್ಯಾಗ ಈಗ ಅರ್ಧ ಮಂದೀದು ನಿನಗ ಹೆಸರು ಗೊತ್ತಿಲ್ಲ, ಬಂದ್ರ ಅಲ್ಲಿಂದ ಸುರು ಮಾಡಬೇಕಾಗತೈತಿ, ಅದನ್ನ ಸಣ್ಣ ಕೆಲಸಾ ಅಂತ ತಿಳೀಬ್ಯಾಡ, ಆಳು ಸಿಗೂದು, ಬಾಡಗಿ ಟ್ರ್ಯಾಕ್ಟರ್ ಹೊತ್ತಿಗೆ ಸರಿಯಾಗಿ ಬರೂದು, ಎಲ್ಲಾ ಆ ಗುರ್ತಿನ ಮ್ಯಾಲೆ ನಿಂತೈತಿ.

ನೀ ದೋಸ್ತರ ಜೋಡಿ ಆಡೂ ಬಿಜಿಎಂಐ, ಆ ಗುಂಡು ಹೊಡದಾಡೂ ಗೇಮ್, ನನಗ ಹಿಡಸಲಿಲ್ಲ, 100 ಮಂದಿ ಇಳದು ಕಡೀಕ ಒಬ್ಬರ ಉಳಿಯೂದು, ಮುಗದ ಕೂಡ್ಲೆ ಇನ್ನೊಂದು ಮ್ಯಾಚ್. ಅದರ ಬಗ್ಗೆ ಇಷ್ಟು ಸಾಕು.

ಈಗ ಮೆಣಸಿನಕಾಯಿಗೆ ಬರ್ತೇನಿ. ಗೇಮಿನ್ಯಾಗ ನಾ ಬ್ಯಾಸಗಿ ಬಂದ ಕೂಡ್ಲೆ ಮೊದ್ಲ ಹಾಕಿದ್ದ ಮೆಣಸಿನಕಾಯಿ. ಬೀಜ ಒಂದಕ್ಕ 40 ನಾಣ್ಯ, ಐದು ದಿನಕ್ಕ ಹಣ್ಣು, ಆಮ್ಯಾಲೆ ಮೂರು ದಿನಕ್ಕೊಮ್ಮೆ ಮತ್ತ ಹಣ್ಣು, ಒಂದಕ್ಕ ಕಮ್ಮಿ ಅಂದ್ರೂ 40. ಬ್ಯಾಸಗೀ ಒಂದನೇ ತಾರೀಖಿಗೆ ಹಾಕಿದ್ರ ಆ 28 ದಿನದಾಗ ಒಂದ ಗಿಡಕ್ಕ ಎಂಟು ಸಲ ಬಿಡಸಬಹುದು, 40 ಹಾಕಿ 320 ತಗೀಬಹುದು. ನೀರ ಒಂದು ತಪ್ಪಸಬಾರದು, ಕಾಗಿ ತಿನಬಾರದು ಅಂತ ಬೆದರುಬೊಂಬಿ ನಿಲ್ಲಿಸಬೇಕು, ಅದು ಸುತ್ತಲಿನ ಎಂಟು ಚೌಕದ ತನಕ ಕಾಯ್ತೈತಿ, ಮುಗೀತು. ಈ ಲೆಕ್ಕಾ ನಿನ್ನ ತಲಿಯಾಗ ಕುಂತೈತಿ, ನೀ ಇಂಜಿನಿಯರು, ಲೆಕ್ಕಾ ಸರಿ ಬಂದ್ರ ಕೆಲಸಾ ಸರಿ ಆತು ಅಂತ ನಂಬಾಂವ.

ನಮ್ಮ ಎರಿ ಹೊಲದಾಗ ಬ್ಯಾಡಗಿ ಗಿಡಾ ಏನು ಮಾಡತೈತಿ ಕೇಳು. ಮಳಿ ಆದಮ್ಯಾಲೆ ಸಸಿ ಮಡಿ, ಜುಲೈ ಆಗಸ್ಟ್ ನ್ಯಾಗ ಹಚ್ಚೂದು, ಕೆಂಪಗಾಗಿ ಬಿಡಸಾಕ ಬರೂದು ಡಿಸೆಂಬರ್ ಜನವರಿಗೆ, ಮುಗಿಯೂದು ಮಾರ್ಚ್ ಹತ್ರ. ಅಷ್ಟರಾಗ ಎಲಿ ಮುದುಡೂ ಮುಟುರು ರೋಗಾ ಬರ್ತೈತಿ, ನುಸಿ ಬರ್ತೈತಿ. 2021-22ರಾಗ ಹೂವಿನ್ಯಾಗ ಕುಂತು ರಸಾ ಹೀರೂ ಕರಿ ಥ್ರಿಪ್ಸ್ ಹುಳಾ ಬಂತಲ್ಲ, ಆಂಧ್ರ ತೆಲಂಗಾಣದಾಗ ಹೊಲಕ್ಕ ಹೊಲಾನ ಹೋದ್ವು, ನಮ್ಮ ರಾಜ್ಯದಾಗೂ ರೈತರು ಕೀಟನಾಶಕದ ಎಣ್ಣಿ ಹೊಡದು ಹೊಡದು ಸೋತ್ರು. ಅದಕ್ಕ ಯಾವ ಬೆದರುಬೊಂಬೀನೂ ಇಲ್ಲ. ಗೇಮಿನ್ಯಾಗ ಮಳಿ ಬಂದ್ರ ನೀರು ಹಣಸೂ ಕೆಲಸಾ ಉಳೀತು ಅಂತ ಖುಷಿ ಆಗತೈತಿ, ನನಗೂ ಆಗತೈತಿ. ಇಲ್ಲೆ ಕಣದಾಗ ಕಾಯಿ ಒಣಗಾಕ ಹಾಕಿದಾಗ ಒಂದು ಅಕಾಲದ ಮಳಿ ಬಂದ್ರ ಕಾಯಿ ಬಣ್ಣಾ ಹೋಗಿ ಬಿಳಿಗಾಯಿ ಆಗತಾವ, ಬ್ಯಾಡಗಿ ಕಾಯಿಗೆ ಬೆಲಿ ಇರೂದ ಬಣ್ಣಕ್ಕ. ಖಾರ ಕಮ್ಮಿ, ಬಣ್ಣ ಹೆಚ್ಚು, ಅದಕ್ಕ 2011ರಾಗ ಆ ಊರಿನ ಹೆಸರು ಕಾಯೂ ಜಿಐ ಟ್ಯಾಗ್ ಸಿಕ್ತು, ಅದರ ಬಣ್ಣಾ ತಗದು ಲಿಪ್‌ಸ್ಟಿಕ್ ತನಕ ಹಾಕ್ತಾರ. ಆ ಬಣ್ಣಾ ಒಂದ ರಾತ್ರ್ಯಾಗ ಹೋಗಬಹುದು.

ಇನ್ನ ರೇಟು. ಗೇಮಿನ್ಯಾಗ ಸಂಜೀಕ ಪೆಟಗಿಯಾಗ ಹಾಕಿ ಮಲಗಿದ್ರ ಮುಂಜಾನೆ ರೊಕ್ಕಾ ಬಂದಿರ್ತೈತಿ. ಹತ್ತು ಹಾಕು, ಸಾವಿರ ಹಾಕು, ರೇಟ್ ಇಳಿಯಂಗಿಲ್ಲ. ಯಾಂವಾ ಬಂದು ಕಾಯಿ ಮುರದು ನೋಡಂಗಿಲ್ಲ, ತೇವ ಐತಿ ಅನ್ನಂಗಿಲ್ಲ, ಹಮಾಲಿ ಇಲ್ಲ, ಚೀಲಾ ಇಲ್ಲ, ಟೆಂಡರ್ ಆಗೂತನಕ ಕಾಯೂದಿಲ್ಲ. ಬ್ಯಾಡಗಿ ಮಾರ್ಕೆಟ್ ನ್ಯಾಗ ಚೀಲದ ಪಕ್ಕಕ್ಕ ನಿಂತು ಟೆಂಡರ್ ರೇಟ್ ಕಾದಾಂವಗ ಅಷ್ಟ ಗೊತ್ತು ಆ ಹೊತ್ತು ಹೆಂಗ ಹೋಗತೈತಿ ಅನ್ನೂದು. 2024ರ ಮಾರ್ಚ್ ನ್ಯಾಗ ರೇಟ್ ಕುಸದಾಗ ಅಲ್ಲೆ ಗಾಡಿ ಸುಟ್ಟದ್ದು ನೀನೂ ಟಿವಿಯಾಗ ನೋಡಿದ್ದಿ. ಸುಟ್ಟದ್ದು ಸರಿ ಅನ್ನಂಗಿಲ್ಲ ನಾ, ಆದ್ರ ಒಂದು ವರ್ಷದ ದುಡಿಮಿ ಕಣ್ಣ ಮುಂದ ಅರ್ಧ ಆದಾಗ ಮನಿಶ್ಯಾ ಏನಾಗತಾನ ಅನ್ನೂದು ನನಗ ಗೊತ್ತೈತಿ, ನಿನಗೂ ಗೊತ್ತಿರಬೇಕು ಇಲ್ಲಿಗೆ ಬರೂ ಮೊದ್ಲ.

ನೀ ನನಗ ವಿಡಿಯೋ ಕಳಿಸಿದ್ದಿಯಲ್ಲ, ಫಾರ್ಮಿಂಗ್ ಸಿಮ್ಯುಲೇಟರ್, ದೊಡ್ಡ ದೊಡ್ಡ ಟ್ರ್ಯಾಕ್ಟರ್ ಇರೂದು. "ಇದು ಬೋರ್ ಕಾಕಾ" ಅಂದಿ. ನನ್ನ ಕೇಳಿದ್ರ ಊರಿಗೆ ಬರಬೇಕು ಅನ್ನಾಂವಾ ಅದನ್ನ ಆಡಬೇಕು. ಅದರಾಗ ಬ್ಯಾಂಕ್ ಸಾಲ ಐತಿ, ಆಳಿನ ಪಗಾರ ಐತಿ, ಒಂದ ಕಡೆ ಬಾಳ ಮಾಲು ಸುರುವಿದ್ರ ರೇಟ್ ಇಳಿತೈತಿ, ಇನ್ನೊಂದು ಕಡೆ ಹೆಚ್ಚು ಸಿಗತೈತಿ. ಹತ್ತಿ ಐತಿ, ಹೊಸಾದರಾಗ ಜ್ವಾಳಾನೂ ಐತಿ. ಮಷಿನ್ ಹತ್ತಿ ಬಿಡಸತೈತಿ, ನಮ್ಮಲ್ಲೆ ಇನ್ನೂ ಹೆಣ್ಣಾಳ ಬಿಡಸಬೇಕು, ಅದು ಬ್ಯಾರೆ ಮಾತು. ಬೋರ್ ಅನಸಿದ್ದು ಯಾಕ ಅನ್ನೂದು ಮಾತ್ರ ಕುಂತು ವಿಚಾರ ಮಾಡು. ನಿನ್ನ ಮನಸ್ಸಿಗೆ ಬೇಕಾಗಿದ್ದು ಒಕ್ಕಲತನಾನೋ, ಆ ಆಫೀಸಿನಿಂದ ಬಿಡುಗಡಿಯೋ? ಎರಡೂ ತಪ್ಪಲ್ಲ, ಆದ್ರ ಬಿಡುಗಡಿ ಬೇಕಾದ್ರ ಬ್ಯಾರೆ ಕಂಪನಿ ಹುಡುಕು, ಹುಬ್ಬಳ್ಳಿಯಾಗೂ ಈಗ ಕಂಪನಿ ಅದಾವ, ಅದಕ್ಕ ಎರಡೆಕರೆ ಹೊಲಾ ಪಣಕ್ಕ ಇಡೂದು ಬ್ಯಾಡ.

ಇನ್ನೊಂದು ಮಾತು, ಇದು ನನಗ ಬಾಳ ಮುಖ್ಯ ಅನಸೈತಿ. ಸ್ಟಾರ್‌ಡ್ಯೂ ಮಾಡಿದಾಂವ ಎರಿಕ್ ಬರೋನ್ ಅಂತ ಒಬ್ಬನ ಹುಡುಗ, ಅಮೆರಿಕಾದ ಸಿಯಾಟಲ್ ಕಡೀಯಾಂವ. ನಿನ್ನಂಗ ಕಂಪ್ಯೂಟರ್ ಸೈನ್ಸ್ ಓದಿ 2011ರಾಗ ಡಿಗ್ರಿ ಮುಗಿಸಿದಾಗ ನೌಕರಿ ಸಿಗಲಿಲ್ಲ, ಜಪಾನಿನ ಹಳೇ ಹಾರ್ವೆಸ್ಟ್ ಮೂನ್ ಆಟದ ಮ್ಯಾಲಿನ ಪ್ರೀತಿಲೆ ತಾನ ಒಂದು ಮಾಡಾಕ ಕುಂತ. ಚಿತ್ರಾ, ಸಂಗೀತಾ, ಪ್ರೋಗ್ರಾಮು, ಮಾತು, ಎಲ್ಲಾ ಒಬ್ಬನ. ನಾಲ್ಕು ವರ್ಷದ ಮ್ಯಾಲೆ ಹಿಡೀತು, 2016ರ ಫೆಬ್ರವರಿಗೆ ಹೊರಗ ಬಂತು, ಈಗ 4 ಕೋಟಿ ಮ್ಯಾಲೆ ಮಾರಾಟ ಆಗೈತಿ. ಎಲ್ಲಾರೂ ಆ 4 ಕೋಟಿ ಮಾತಾಡ್ತಾರ. ನಾ ಕೇಳೂದು, ಆ ನಾಲ್ಕು ವರ್ಷ ಮನಿ ಹೆಂಗ ನಡೀತು? ಅವನ ಜೋಡಿ ಇದ್ದ ಹುಡಗಿ ದುಡದು ಮನಿ ನಡಸಿದ್ಲು, ತಾನೂ ಒಂದು ಥಿಯೇಟರಿನ್ಯಾಗ ಮಂದೀಗೆ ಸೀಟು ತೋರಸೂ ಪಾರ್ಟ್ ಟೈಮ್ ಕೆಲಸಾ ಮಾಡಿದ. ಕಂಪನಿ ಬಿಟ್ಟು ಹೊಲಕ್ಕ ಹೋಗೂ ಕತಿ ಮಾಡಿದಾಂವಗೂ ಆ ಕತಿ ಮುಗಸೂತನಕ ಮನ್ಯಾಗ ಒಂದು ಪಗಾರ ಬರತಿತ್ತು. ನಿನ್ನ ಮನ್ಯಾಗ ಆ ಪಗಾರ ನೀನ ಅದಿ. ನಿಮ್ಮವ್ವನ ಗುಳಿಗಿ, ತಂಗಿ ಕಾಲೇಜಿನ ಫೀಸು, ಎರಡೂ ಅದರಾಗ ನಡದಾವ.

ನಮ್ಮ ಹಿರ್ಯಾರು ಈ ಭಾಗದಾಗ ಒಂದ ಹೊಲದಾಗ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರೂ ಕೂಡೇ ಹಾಕತಿದ್ರು, ಕುಂದಗೋಳ ಕಡೆ, ಗದಗ ಕಡೆ ಇನ್ನೂ ಹಾಕ್ತಾರ. ಉಳ್ಳಾಗಡ್ಡಿ ಮೊದ್ಲ ಬರ್ತೈತಿ, ಆಮ್ಯಾಲೆ ಕಾಯಿ, ಕಡೀಕ ಹತ್ತಿ. ಉಳ್ಳಾಗಡ್ಡಿ ರೇಟ್ ಬಿದ್ರ ಕಾಯಿ ಕೈ ಹಿಡೀತೈತಿ, ಕಾಯಿಗೆ ರೋಗಾ ಬಂದ್ರ ಹತ್ತಿ. ಗೇಮಿನ್ಯಾಗ ಒಂದ ಚೌಕಕ್ಕ ಒಂದ ಬೆಳಿ, ಅಲ್ಲೆ ಇದರ ಗರಜಿಲ್ಲ, ಯಾವ ಬೆಳೀನೂ ಕೈ ಕೊಡಂಗಿಲ್ಲ. ನಿನ್ನ ಬಾಳೇವೂ ನಾ ಇದ ರೀತಿಲೆ ನೋಡ್ತೇನಿ. ನೌಕರಿ ಒಂದು ಸಾಲು ಇರಲಿ, ಹೊಲಾ ಇನ್ನೊಂದು ಸಾಲು ಆಗಲಿ. ಒಂದನ್ನ ಕಿತ್ತು ಇನ್ನೊಂದು ಹಚ್ಚಬ್ಯಾಡ.

ಬರಬ್ಯಾಡ ಅಂತ ನಾ ಹೇಳಾಕತ್ತಿಲ್ಲ ತಮ್ಮಾ. ನಿನ್ನ ವಾರಗಿ ಹುಡುಗರು ಹೊಲಾ ಮಾರಿ ಪ್ಲಾಟ್ ತಗೋಳೂ ಹೊತ್ತಿನ್ಯಾಗ ನೀ ಹೊಲಕ್ಕ ಬರ್ತೇನಿ ಅಂದಿ, ಆ ಮಾತು ಕೇಳಿ ನನಗ ಎಷ್ಟು ಸಂತೋಷ ಆತು ಅನ್ನೂದು ನಿನ್ನ ಮುಂದ ಫೋನಿನ್ಯಾಗ ಹೇಳಾಕ ಬರಲಿಲ್ಲ. ಅದಕ್ಕ ಒಂದು ದಾರಿ ಹೇಳ್ತೇನಿ. ಈ ಮುಂಗಾರಿಗೆ ನಿಮ್ಮಪ್ಪನ ಪಾಲಿನ್ಯಾಗ, ಬಾಂವಿ ಹತ್ರದ್ದು, ಅರ್ಧ ಎಕರೆ ನಿನಗ ಬಿಡ್ತೇನಿ. ಬ್ಯಾಡಗಿ ಕಾಯ್ಯಾಗ ಡಬ್ಬಿ ತಳಿ ಹಾಕ್ತಿಯೋ ಕಡ್ಡಿ ತಳಿ ಹಾಕ್ತಿಯೋ ನೀನ ನಿರ್ಧಾರ ಮಾಡು. ಬೀಜಾ, ಗೊಬ್ಬರಾ, ಎಣ್ಣಿ, ಆಳು, ಚೀಲಾ, ಗಾಡಿ ಬಾಡಗಿ, ಎಲ್ಲಾ ನಿನ್ನ ಲೆಕ್ಕದಾಗ ಬರೀಬೇಕು, ನಾ ರೊಕ್ಕಾ ಹಾಕಂಗಿಲ್ಲ, ಕೇಳಿದ್ದಕ್ಕೆಲ್ಲಾ ಹೇಳಿಕೊಡ್ತೇನಿ. ಸಸಿ ಹಚ್ಚೂಮುಂದ ಮತ್ತ ಬಿಡಸೂಮುಂದ ನೀ ಇಲ್ಲೇ ಇರಬೇಕು, ಉಳದಾಗ ಶುಕ್ರವಾರ ರಾತ್ರಿ ಬಸ್ ಹತ್ತಿದ್ರ ಶನಿವಾರ ಮುಂಜಾನೆ ಹುಬ್ಬಳ್ಳಿ, ರವಿವಾರ ರಾತ್ರಿ ಹೊಳ್ಳಿ ಹೋಗು. ಸೆಪ್ಟೆಂಬರ್ ನ್ಯಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದಾಗ ಕೃಷಿ ಮೇಳ ಆಗತೈತಿ, ಇಬ್ರೂ ಕೂಡಿ ಹೋಗೂಣು, ಅಲ್ಲೆ ವಿಜ್ಞಾನಿಗಳು ಸಿಗತಾರ, ಮುಟುರು ರೋಗದ್ದು, ಥ್ರಿಪ್ಸಿಂದು ನೀನ ಬಾಯಿಬಿಟ್ಟು ಕೇಳು, ಇಂಗ್ಲಿಷಿನ್ಯಾಗ ಬರದಿದ್ದನ್ನೂ ನೀ ಓದಬಹುದು, ಅದು ನಮಗೂ ಉಪಯೋಗ ಆಗತೈತಿ. ಮಾರ್ಚ್ ನ್ಯಾಗ ಕಾಯಿ ಮಾರಿ ಬಂದಮ್ಯಾಲೆ ಲೆಕ್ಕದ ವಹಿ ನಿಮ್ಮವ್ವನ ಮುಂದ ಇಟ್ಟು ಮೂವರೂ ಕುಂತು ಮಾತಾಡೂಣು, ಲುಕ್ಸಾನ ಆದ್ರೂ ಬೈಯಂಗಿಲ್ಲ, ಆಮ್ಯಾಲೂ ನಿನಗ ಬರಬೇಕು ಅನಸಿದ್ರ ರಾಜೀನಾಮಿ ಪತ್ರ ಬರ್ಯೂಮುಂದ ನಾನ ಪಕ್ಕಕ್ಕ ಕುಂಡರ್ತೇನಿ.

ಗೇಮ್ ಡಿಲೀಟ್ ಮಾಡಬ್ಯಾಡ. ನನಗೂ ಮೂರನೇ ವರ್ಷ ಹತ್ತಿದಾಗ ಅಜ್ಜ ಹೊಳ್ಳಿ ಬಂದು ಏನಂತಾನ ನೋಡೂದೈತಿ.

ಮನಿಯಿಂದ ಕೆಲಸಾ ಮಾಡಾಕ ಎಷ್ಟು ದಿನ ಬಿಡ್ತಾರ ಅಂತ ನಿಮ್ಮ ಮ್ಯಾನೇಜರ್ ನ್ನ ಕೇಳಿ ಈ ವಾರದಾಗ ತಿಳಸು. ಸಸಿ ಮಡಿ ಹಾಕೂ ಮೊದ್ಲ ನನಗ ಗೊತ್ತಾಗಬೇಕು, ನಿನ್ನ ಅರ್ಧ ಎಕರೆಗೆ ಬೀಜಾ ಬ್ಯಾರೆ ತರಬೇಕಾಗತೈತಿ. ಅವ್ವಗ ಇವತ್ತ ಸಂಜೀಕ ಫೋನ್ ಹಚ್ಚು.

ನಿನ್ನ ಕಾಕಾ