ಮಚ್ಚು ಬೇಸಾಯದ ಸಲಕರಣೆಯೋ, ಮಾರಕಾಸ್ತ್ರವೋ?

ಮಾನ್ಯರೇ,

‘ಒಂಬತ್ತು ಇಂಚಿಗಿಂತ ಚಿಕ್ಕ ಚಾಕು ಇಟ್ಟುಕೊಂಡರೆ ಪೊಲೀಸರು ಏನೂ ಮಾಡೋ ಹಾಗಿಲ್ಲ’ ಎನ್ನುವ ಹುಡುಗರು ಮಂಡ್ಯ, ಮದ್ದೂರು ಕಡೆ ಬಹಳ ಇದ್ದಾರೆ. ಅರ್ಧ ತಿಳಿದ ಈ ಮಾತು ನಂಬಿ ಸೊಂಟಕ್ಕೆ ಚಾಕು ಸಿಕ್ಕಿಸಿಕೊಂಡರೆ ಕೋರ್ಟು ಅಲೆಯಬೇಕಾದೀತು.

2016ರ ಶಸ್ತ್ರಾಸ್ತ್ರ ನಿಯಮಗಳ ಆಯುಧಗಳ ಪಟ್ಟಿಯಲ್ಲಿರುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿರುವ ಕತ್ತಿ, ಚೂರಿಗಳು. ‘ಅಥವಾ’ ಎಂಬುದನ್ನು ಗಮನಿಸಬೇಕು: ಅಲಗು 6 ಇಂಚು ಉದ್ದವಿದ್ದರೂ ಎರಡೂವರೆ ಇಂಚು ಅಗಲವಿದ್ದರೆ ಅದೂ ಪಟ್ಟಿಗೆ ಸೇರುತ್ತದೆ. ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದು ಮಾಡಿದವು ಇದರಿಂದ ಹೊರಗೆ. ಎಳನೀರು ಕೊಚ್ಚುವ ಮಚ್ಚಿಗೆ ಲೈಸೆನ್ಸ್ ಬೇಡವಾಗಿರುವುದು ಈ ಕಾರಣಕ್ಕೇ ಹೊರತು ಅಳತೆಯಿಂದಲ್ಲ. ಆದರೆ ಅದೇ ಮಚ್ಚಿನ ಬೆನ್ನಿಗೂ ಸಾಣೆ ಹಿಡಿಸಿ, ತುದಿ ಚೂಪು ಮಾಡಿಸಿದರೆ? 1959ರ ಶಸ್ತ್ರಾಸ್ತ್ರ ಕಾಯ್ದೆಯು ಆಯುಧವಾಗಿ ‘ಮಾರ್ಪಡಿಸಿದ’ ವಸ್ತುವನ್ನೂ ಆಯುಧವೆಂದೇ ಕರೆಯುತ್ತದೆ. ಲಾಂಗು ಬಡಿದುಕೊಡಿ ಎಂದು ಬಂದವರನ್ನು ಕುಲುಮೆಯವರು ದಯವಿಟ್ಟು ವಾಪಸು ಕಳಿಸಲಿ. ಆಯುಧದ ತಯಾರಿಕೆ, ಮಾರಾಟಕ್ಕೂ ಅದೇ ಕಾಯ್ದೆಯ 5ನೇ ಸೆಕ್ಷನ್ ಲೈಸೆನ್ಸ್ ಕೇಳುತ್ತದೆ.

‘ಆತ್ಮರಕ್ಷಣೆಗೆ ಇಟ್ಟುಕೊಂಡೆ’ ಎಂಬ ಉತ್ತರ ಎಲ್ಲಕ್ಕಿಂತ ಅಪಾಯಕಾರಿ. ಕಾಯ್ದೆಯ ವ್ಯಾಖ್ಯೆಯಲ್ಲಿ ದಾಳಿಗೆ ಮಾತ್ರವಲ್ಲ, ರಕ್ಷಣೆಗೆಂದು ಮಾಡಿದ್ದೂ ಆಯುಧವೇ. ಹಾಗೆ ಉತ್ತರಿಸಿದರೆ ತರಕಾರಿ ಚಾಕುವನ್ನೂ ತಾವೇ ಆಯುಧವೆಂದು ಒಪ್ಪಿಕೊಂಡಂತೆ ಆಗುತ್ತದೆ. ಮೈಮೇಲೆ ಬಿದ್ದವನನ್ನು ತಡೆಯುವ ಹಕ್ಕು ಬೇರೆ, ದಿನವೂ ಚೂರಿ ಹೊತ್ತು ತಿರುಗುವುದು ಬೇರೆ. ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ರಕ್ಷಣೆಯಿದೆ. ಆ ಮಾತನ್ನು ಬೇರೆಯವರು ತಮಗೆ ಅನ್ವಯಿಸಿಕೊಳ್ಳಲಾಗದು.

ಕಬ್ಬು ಕಡಿಯಲು ಹೋಗುವವರು, ಮದುವೆ ಅಡುಗೆಗೆ ಊರೂರು ತಿರುಗುವ ಭಟ್ಟರು ಅಲಗಿಗೆ ಗೋಣಿಚೀಲ ಸುತ್ತಿ, ಹಗ್ಗ ಬಿಗಿದು, ಬೇರೆ ಸಾಮಾನಿನ ಜೊತೆ ಚೀಲದಲ್ಲಿಡಿ. ಸೊಂಟದಲ್ಲಿ, ಅಂಗಿಯೊಳಗೆ ಬೇಡ. ಕೆಲಸ ಮುಗಿದ ಮೇಲೆ ಅದೇ ಚೀಲ ಹಿಡಿದು ಮೆರವಣಿಗೆಗೋ ಬಾರಿಗೋ ಹೋಗಬೇಡಿ. ಮತಗಟ್ಟೆಯ ಸುತ್ತ ಆಯುಧ ಒಯ್ಯುವುದಂತೂ ಪ್ರತ್ಯೇಕ ಅಪರಾಧ. 2 ವರ್ಷದವರೆಗೆ ಜೈಲು.

ಪೊಲೀಸರು ವಶಪಡಿಸಿಕೊಂಡರೆ ಮಹಜರಿನಲ್ಲಿ ಅಲಗಿನ ಉದ್ದ, ಅಗಲ, ಒಂದು ಕಡೆ ಹರಿತವೋ ಎರಡು ಕಡೆಯೋ ಎಂಬುದು ಬರೆದಿದೆಯೇ ನೋಡಿ. ಹಿಡಿಯನ್ನೂ ಸೇರಿಸಿ ‘14 ಇಂಚಿನ ಮಚ್ಚು’ ಎಂದು ಬರೆದರೆ ಕೇಸಿನ ಸ್ವರೂಪವೇ ಬದಲಾಗುತ್ತದೆ. ಸಿಆರ್‌ಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ, ಜಪ್ತಿಯ ವಿಡಿಯೊ ಚಿತ್ರೀಕರಣ ಕಡ್ಡಾಯ.

ಇನ್ನೊಂದು ವಿಷಯವನ್ನು ಅಧಿಕಾರಿಗಳೇ ಸರಿಪಡಿಸಬೇಕು. ಅದೇ ಸಂಹಿತೆಯ 163ನೇ ಸೆಕ್ಷನ್ ಅಥವಾ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಸೆಕ್ಷನ್ ಅಡಿ ನಿಷೇಧಾಜ್ಞೆ ಬಂದಾಗ ಚಿಕ್ಕ ಚಾಕು, ದೊಣ್ಣೆಯನ್ನೂ ನಿಷೇಧಿಸಬಹುದು. ಅಂಥ ದಿನ ಗದ್ದೆಗೆ ಕುಡುಗೋಲು ಒಯ್ಯುವ ಹೆಂಗಸೂ ಸಿಕ್ಕಿಹಾಕಿಕೊಳ್ಳಬಾರದು. ಮಂಡ್ಯದ ಜಿಲ್ಲಾಧಿಕಾರಿ, ಮೈಸೂರಿನ ಪೊಲೀಸ್ ಕಮಿಷನರ್ ಆದೇಶ ಹೊರಡಿಸುವಾಗ ‘ಕೆಲಸಕ್ಕೆ ಒಯ್ಯುವ ಕೃಷಿ, ಅಡುಗೆ ಸಲಕರಣೆಗಳಿಗೆ ವಿನಾಯಿತಿ’ ಎಂಬ ಒಂದು ಸಾಲು ಸೇರಿಸಿ, ಎಪಿಎಂಸಿ ಗೇಟಿಗೂ ಗ್ರಾಮ ಪಂಚಾಯಿತಿ ಫಲಕಕ್ಕೂ ಕನ್ನಡದಲ್ಲಿ ಅಂಟಿಸಲಿ.

– ಒಬ್ಬ ವಕೀಲ, ಮಂಡ್ಯ