ಧನುರ್ಮಾಸದಲ್ಲಿ ಯಾರ ಮದುವೆ?

ಅಯೋವಾ ಸಿಟಿ
ಜನವರಿ 29

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಕ್ಷೇಮ. ಅಲ್ಲಿ ಎಲ್ಲರೂ ಕ್ಷೇಮವೆಂದು ನೀನು ಬರೆದಿದ್ದೀಯ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಶಾರದತ್ತೆ ಷಿಕಾಗೋದಿಂದ ಅಂಚೆಗೆ ಹಾಕಿದ ಗಂಟು ಮೊನ್ನೆ ಕೈಸೇರಿತು. ಕರಿಮೆಣಸು, ಕಾಫಿ ಪುಡಿ, ಎಳ್ಳುಬೆಲ್ಲ ಎಲ್ಲವೂ ಸರಿಯಾಗಿವೆ. ಸಕ್ಕರೆ ಅಚ್ಚು ಮಾತ್ರ ನುಚ್ಚಾಗಿದೆ, ಅದನ್ನೇ ಕಾಫಿಗೆ ಹಾಕಿಕೊಳ್ಳುತ್ತಿದ್ದೇನೆ. ಇಲ್ಲಿಯವರು ಕಾಫಿಗೆ ಕುಂಬಳಕಾಯಿ ಕಡುಬಿಗೆ ಹಾಕುವ ಮಸಾಲೆ ಸುರಿದುಕೊಂಡು ಅದಕ್ಕೆ ಸರತಿಯಲ್ಲಿ ಬೇರೆ ನಿಲ್ಲುತ್ತಾರೆ. ಅಪ್ಪನಿಗೆ ಹೇಳಬೇಡ, ತೋಟ ಮಾರಿಬಿಟ್ಟಾರು. ಆದರೆ ಒಂದು ಮಾತು, ರಾತ್ರಿಯಿಡೀ ಬಿದ್ದ ಹಿಮವನ್ನು ಬೆಳಗಾಗುವುದರೊಳಗೆ ರಸ್ತೆಯಿಂದ ಗೋರಿ ಬದಿಗೆ ಹಾಕಿರುತ್ತಾರೆ. ನಮ್ಮಲ್ಲಿ ಬಿದ್ದ ಮರ ಎತ್ತಲು ಎಷ್ಟು ದಿನ ಎಂದು ನಾನೇನೂ ಕೇಳುತ್ತಿಲ್ಲ.

ಪುಸ್ತಕ ಹುಡುಕಿ ಕಳಿಸಿದ್ದೀಯಲ್ಲ, ತೆರೆದೊಡನೆ ನಮ್ಮ ಒಲೆಯ ಹೊಗೆ ಮೂಗಿಗೆ ಬಂತು. ಜುಲೈ ಮಳೆಗೆ ಬೂಷ್ಟು ಹಿಡಿಯುತ್ತದೆಂದು ಅಜ್ಜಿ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಏಲಕ್ಕಿ ಡಬ್ಬದ ಪಕ್ಕ ಇಡುತ್ತಿದ್ದಳು. ನ್ಯಾನ್ಸಿ ಡ್ರೂ ಎಂಬ ಹುಡುಗಿಯ ಮೊದಲ ಪತ್ತೇದಾರಿ ಕಥೆ ಅದು. ಹಳೆಯ ಗಡಿಯಾರದೊಳಗೆ ಬಚ್ಚಿಟ್ಟ ಟಿಪ್ಪಣಿ ಪುಸ್ತಕದಿಂದ ಕಳೆದುಹೋದ ಉಯಿಲು ಸಿಗುತ್ತದೆ. ಏಳನೆಯ ತರಗತಿಯಲ್ಲಿ ಅದನ್ನು ಓದಿಯೇ ನಾನು, ಮೆಣಸಿನ ಮೂಟೆ ಕಾಣೆಯಾದಾಗ ಕಣದ ಸುತ್ತ ಚಪ್ಪಲಿ ಗುರುತು ಅಳೆದದ್ದು. ಕೊನೆಗೆ ಅಜ್ಜಿಯೇ ಅದನ್ನು ಸೋಮವಾರಪೇಟೆಗೆ ಕಳಿಸಿ ಮಾರಿಸಿದ್ದಳೆಂದು ನಿನಗೆ ಮೊದಲೇ ಗೊತ್ತಿತ್ತು, ಹೇಳಲಿಲ್ಲ. ನಮ್ಮ ಮನೆಯಲ್ಲಿ ಇದು ಹೊಸದಲ್ಲ.

ಆ ಪುಸ್ತಕ ಯಾಕೆ ಬೇಕಿತ್ತೆಂದರೆ, ಅದರ ಲೇಖಕಿ ಈ ಸೀಮೆಯವರು. ಮುಖಪುಟದಲ್ಲಿರುವ ಕ್ಯಾರೊಲಿನ್ ಕೀನ್ ಎಂಬ ಹೆಸರಿನವರು ಯಾರೂ ಇಲ್ಲ! ಮೊದಲ 30 ಪುಸ್ತಕಗಳಲ್ಲಿ 23ನ್ನು ಬರೆದವರು ಮಿಲ್ಡ್ರೆಡ್ ವರ್ಟ್ ಬೆನ್ಸನ್. ಹುಟ್ಟಿದ್ದು ಇದೇ ಅಯೋವಾದ ಲಡೋರಾ ಎಂಬ ಊರಿನಲ್ಲಿ. 1927ರಲ್ಲಿ ಇದೇ ಅಯೋವಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿ ಪಡೆದರು. ಅವರ ಕಾಗದಪತ್ರಗಳು ಇಲ್ಲಿಯ ಮಹಿಳಾ ದಾಖಲೆ ಸಂಗ್ರಹದಲ್ಲಿವೆ. ಕಥೆಯ ಎಳೆಯನ್ನು ಪುಸ್ತಕ ಬರೆಸುವ ಕಂಪನಿ ಕೊಡುತ್ತಿತ್ತು, ಇವರು ಬರೆದುಕೊಡುತ್ತಿದ್ದರು. ಮೊದಮೊದಲು ಪುಸ್ತಕವೊಂದಕ್ಕೆ 125 ಡಾಲರ್, ಹಕ್ಕೆಲ್ಲ ಕಂಪನಿಗೆ, ಹೆಸರು ಹೇಳಿಕೊಳ್ಳುವ ಹಾಗಿಲ್ಲ. ಕಾಫಿ ಚೆರ್ರಿ ಮಾರಿದವರು ನಾವು, ಪುಡಿ ಮಾರಿದವರು ಯಾರೋ ಎಂದು ಅಪ್ಪ ಗೊಣಗುವುದು ನೆನಪಾಯಿತು. ಸಂಗತಿ ಹೊರಬಿದ್ದದ್ದು 1980ರಲ್ಲಿ, ಪ್ರಕಾಶಕರ ಜಗಳ ನ್ಯಾಯಾಲಯ ಹತ್ತಿದಾಗ.

ಗ್ರಂಥಾಲಯದಲ್ಲಿ ಈ ಮಾಲೆಯ ನಾಲ್ಕು ಪುಸ್ತಕ ಎತ್ತಿಕೊಂಡಾಗ ಅಲ್ಲಿದ್ದಾಕೆ, 'ಮಗಳಿಗೆಯೇ?' ಎಂದು ನಕ್ಕಳು. ಹೌದೆಂದೆ. ಅವುಗಳಲ್ಲೊಂದು 1930ರ ಮೂಲ ಪಠ್ಯದ ಮರುಮುದ್ರಣ. ನಮ್ಮ ಪ್ರತಿಯನ್ನೂ ಅದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಓದಿದೆ. ಅಮ್ಮಾ, ನಾನು ಬಾಯಿಪಾಠ ಮಾಡಿದ್ದು ತಿದ್ದಿದ ಪ್ರತಿಯಂತೆ! 1959ರಿಂದ ಈಚೆಗೆ ಹಳೆಯ ಪುಸ್ತಕಗಳನ್ನು ಒಂದೊಂದಾಗಿ ಮತ್ತೆ ಬರೆಸಿದ್ದಾರೆ. ಮೂಲದಲ್ಲಿ 25 ಅಧ್ಯಾಯ, ನಮ್ಮದರಲ್ಲಿ 20. ಅಲ್ಲಿ ಅವಳಿಗೆ ಹದಿನಾರು, ಇಲ್ಲಿ ಹದಿನೆಂಟು. ಮೂಲದ ನ್ಯಾನ್ಸಿಗೆ ನಾಲಿಗೆ ಚುರುಕು, ನಮ್ಮವಳು ಮದುವೆಗೆ ಹೆಣ್ಣು ತೋರಿಸಲು ಕೂರಿಸಿದ ಹಾಗೆ ನಯ.

ತಿದ್ದಿದ್ದೆಲ್ಲ ಕೆಡುಕಲ್ಲ. ಮೂಲದಲ್ಲಿ ಬಂಗಲೆ ಕಾಯುವ ಕರಿಯನೊಬ್ಬನನ್ನು ಕುಡುಕನನ್ನಾಗಿ ಮಾಡಿ, ಅವನ ಮಾತಿನ ರೀತಿಯನ್ನು ಆಡಿಕೊಂಡಿದ್ದಾರೆ. ಓದುವಾಗ ಮುಖ ಬಿಸಿಯಾಯಿತು. ತೋಟದ ಆಳುಗಳ ಲೈನ್ ಮನೆಯ ಮಕ್ಕಳ ಮಾತನ್ನು ನಾನೂ ಪುಟ್ಟುವೂ ಅಣಕಿಸಿ ನಗುತ್ತಿದ್ದೆವಲ್ಲ, ನೀನು ಸೌಟು ಹಿಡಿದು ಬರುತ್ತಿದ್ದೆ.

ಚಿಕ್ಕವಳಿದ್ದಾಗ ನ್ಯಾನ್ಸಿಯ ನೀಲಿ ಕಾರಿನ ಮೇಲೆ ಆಸೆಯಿತ್ತು. ಈಗ ಹೊಟ್ಟೆಕಿಚ್ಚಾಗಿದ್ದು ಅವಳ ಅಪ್ಪನನ್ನು ನೋಡಿ. ವಕೀಲ, ಸದಾ ಗಟ್ಟಿಮುಟ್ಟು, ಪುಸ್ತಕದ ಮೇಲೆ ಪುಸ್ತಕ ಬಂದರೂ ಅವನಿಗೆ ಒಂದು ವರ್ಷವೂ ವಯಸ್ಸಾಗುವುದಿಲ್ಲ.

ಈಗ ನಿನ್ನ ಪತ್ರ. ಡಿಸೆಂಬರ್ ಕೊನೆಯ ವಾರ ಮೈಸೂರಿಗೆ ಮದುವೆಗೆ ಹೋಗಿ ಎರಡು ರಾತ್ರಿ ಉಳಿದೆವು ಎಂದು ಬರೆದಿದ್ದೀಯ. ಧನುರ್ಮಾಸದಲ್ಲಿ ಯಾರ ಮದುವೆ, ಅಮ್ಮಾ? ಹಣ್ಣು ಕೊಯ್ಯುವ ಹೊತ್ತಿನಲ್ಲಿ ಕಣ ಬಿಟ್ಟು ಅಪ್ಪ ಎರಡು ರಾತ್ರಿ ಹೊರಗೆ ಮಲಗಿದ್ದು ನನ್ನ ಜನ್ಮದಲ್ಲಿ ನೋಡಿಲ್ಲ, ಸ್ವಂತ ತಮ್ಮನ ಮದುವೆಗೂ ಸಂಜೆ ಹೋಗಿ ಬೆಳಿಗ್ಗೆ ಬಂದವರು. ಈ ಸಲ ಮೆಣಸು ಕೊಯ್ಲನ್ನು ಗುತ್ತಿಗೆಗೆ ಕೊಡುವುದಂತೆ. ಉಪ್ಪಿನಕಾಯಿ ಹಾಕಿಲ್ಲವಂತೆ, 'ಯಾರು ತಿನ್ನುತ್ತಾರೆ' ಎಂದು. ಯಾರು ತಿನ್ನುತ್ತಾರೆಂದು ನನಗೂ ಗೊತ್ತು, ನಿನಗೂ ಗೊತ್ತು. ಇನ್ನು ಎರಡನೆಯ ಪುಟದಲ್ಲಿ ಒಂದು ಸಾಲನ್ನು ಹೊಡೆದುಹಾಕಿದ್ದೀಯ. ಕಾಗದವನ್ನು ಕಿಟಕಿಗೆ ಹಿಡಿದೆ. ಹೊರಗೆಲ್ಲ ಹಿಮ, ಬೆಳಕಿಗೆ ಬರವಿಲ್ಲ. 'ರಾತ್ರಿಯ ಮಾತ್ರೆ' ಎಂಬಷ್ಟು ಕಂಡಿತು, ಮುಂದಿನದರ ಮೇಲೆ ಪೆನ್ನನ್ನು ಒತ್ತಿ ಒತ್ತಿ ಎಳೆದಿದ್ದೀಯ, ಕಾಗದ ಹರಿದಿದೆ.

ಫೋನಿನಲ್ಲಿ ಕೇಳಿದರೆ ನೀನು ಸ್ಪೀಕರ್ ಹಾಕುತ್ತೀಯ, ಅಪ್ಪ ಪಕ್ಕದಲ್ಲಿ ಕೂತು 'ಏನಿಲ್ಲ ಕಣಮ್ಮ, ಕಲ್ಲಿನ ಹಾಗಿದ್ದೇನೆ' ಎನ್ನುತ್ತಾರೆ. ಅದಕ್ಕೇ ಕಾಗದ ಬರೆದು ಚಿಕ್ಕಪ್ಪನ ವಿಳಾಸಕ್ಕೆ ಹಾಕುತ್ತಿದ್ದೇನೆ. ಎದೆನೋವೇ? ಸ್ಟೆಂಟ್ ಹಾಕಿದರೇ? ದುಡ್ಡು ಎಲ್ಲಿಂದ ತಂದಿರಿ? ನನ್ನನ್ನು ಹೆದರಿಸಬಾರದೆಂದು ಐದು ಅಧ್ಯಾಯ ಕಿತ್ತು ಕಳಿಸಬೇಡ. ಪೂರ್ತಿ ಬರೆ. ಆಸ್ಪತ್ರೆಯ ಕಾಗದಗಳ ಫೋಟೋ ತೆಗೆದು ಕಳಿಸಲು ಪುಟ್ಟುವಿಗೆ ಹೇಳು, ಔಷಧದ ಚೀಟಿಯದ್ದೂ. ದುಡ್ಡು ಈ ತಿಂಗಳೇ ಹಾಕುತ್ತೇನೆ. ಮೆಣಸಿನ ಏಣಿಗಳನ್ನೆಲ್ಲ ಚಿಕ್ಕಪ್ಪನ ಮನೆಗೆ ಸಾಗಿಸಿಬಿಡಿ, ಎದುರಿಗಿದ್ದರೆ ಅಪ್ಪ ಹತ್ತದೆ ಬಿಡುವವರಲ್ಲ. ಸುಮ್ಮನೆ ಕೂರಲು ಒಪ್ಪದಿದ್ದರೆ ಈ ಬೆನ್ಸನ್ ಅಜ್ಜಿಯ ಕಥೆ ಹೇಳು. 2002ರಲ್ಲಿ 96ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಪತ್ರಿಕೆಗೆ ಅಂಕಣ ಬರೆಯುತ್ತಿದ್ದರು, ಕುರ್ಚಿಯಲ್ಲಿ ಕೂತು.

ನನ್ನ ಚಿಂತೆ ಬೇಡ. ಎರಡು ಸ್ವೆಟರ್ ಮೇಲೆ ಕೋಟು ಹಾಕುತ್ತೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ರಾತ್ರಿ ಒಬ್ಬಳೇ ಎಲ್ಲೂ ಹೋಗುವುದಿಲ್ಲ. ಹಿಮದಲ್ಲಿ ಜಾರಿದ್ದು ಒಂದೇ ಸಲ. ಮಣಿಕಟ್ಟು ಸ್ವಲ್ಪ ಊದಿತ್ತು, ಈಗ ಏನೂ ಇಲ್ಲ, ನಿಜವಾಗಿ ಏನೂ ಇಲ್ಲ. ಅಕ್ಷರ ಸೊಟ್ಟಗಿರುವುದು ಪೆನ್ನಿನ ದೋಷ.

ಮಾರ್ಚ್‌ನಲ್ಲಿ ಹೂಮಳೆ ಬೀಳುವ ಹೊತ್ತಿಗೆ ಬರಲು ಆಗುತ್ತದೆಯೇ ನೋಡುತ್ತಿದ್ದೇನೆ, ಅಪ್ಪನಿಗೆ ಈಗಲೇ ಹೇಳಬೇಡ. ಅಂಚೆ ಕಚೇರಿ ಐದಕ್ಕೆ ಮುಚ್ಚುತ್ತದೆ, ಈಗ ನಾಲ್ಕೂವರೆ. ಅಜ್ಜಿಗೆ ನಮಸ್ಕಾರ, ಪುಟ್ಟುವಿಗೆ ಆಶೀರ್ವಾದ.

ನಿನ್ನ,
ಸುಮಾ

ಉಪ್ಪಿನಕಾಯಿ ಭರಣಿ ಖಾಲಿ ಇದ್ದರೂ ಬೀಗ ಹಾಕು. ಅಪ್ಪ ಪಕ್ಕದ ಮನೆಯಿಂದ ತರಿಸಿಕೊಂಡಾರು.