ಕ್ಯಾಮೆರಾಗಿಂತ ಮೊದಲು ಹೆಡ್‌ಫೋನ್ ಕೊಡಿ

ಮಾನ್ಯ ಸಂಪಾದಕರೇ,

ಕಮ್ಯುನಿಟಿ ಕಾಲೇಜಿನಲ್ಲಿ ವಿಡಿಯೊ ತಯಾರಿಕೆ ಕಲಿಯಲು ಬರುವವರು ಮೊದಲು ವಿಚಾರಿಸುವುದು ‘ಯಾವ ಕ್ಯಾಮೆರಾ ಇದೆ?’ ಎಂದು. ಆದರೆ ವಿದ್ಯಾರ್ಥಿಗಳ ಪ್ರಾಜೆಕ್ಟುಗಳು ಹೆಚ್ಚಾಗಿ ಕೆಡುವುದು ಧ್ವನಿಯಲ್ಲಿ. ಚಿತ್ರ ತುಸು ಮಂಕಾದರೂ ಜನ ನೋಡುತ್ತಾರೆ, ಮಾತು ಸ್ಪಷ್ಟವಾಗಿ ಕೇಳಿಸದಿದ್ದರೆ ನೋಡುವುದಿಲ್ಲ. ಹೀಗಿರುವಾಗ ಧ್ವನಿಯ ಪಾಠವನ್ನು ಕೋರ್ಸಿನ ಕೊನೆಗೆ ತಳ್ಳುವುದು ತಪ್ಪು. ಮೊದಲ ಎರಡು ವಾರ ಅದಕ್ಕೇ ಮೀಸಲಾಗಬೇಕು.

ಕ್ಯಾಮೆರಾದೊಳಗಿನ ಮೈಕ್ ಮಾತನಾಡುವವರಿಂದ ಸಾಮಾನ್ಯವಾಗಿ ಎರಡು ಮೀಟರ್ ದೂರದಲ್ಲಿರುತ್ತದೆ. ಮಾತಿನ ಜೊತೆಗೆ ಗೋಡೆಯ ಮಾರ್ದನಿ, ಫ್ಯಾನಿನ ಸದ್ದು ಎಲ್ಲವೂ ಬೆರೆತು ಬರುತ್ತವೆ. ಎಡಿಟಿಂಗಿನಲ್ಲಿ ಅದನ್ನು ತೆಗೆಯಹೊರಟರೆ ದನಿಯೇ ಸವೆಯುತ್ತದೆ. ಬಾಯಿಗೂ ಮೈಕಿಗೂ ಇರುವ ದೂರವನ್ನು ಅರ್ಧಕ್ಕಿಳಿಸಿದರೆ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆಯ ಗದ್ದಲ ಇದ್ದಷ್ಟೇ ಇರುತ್ತದೆ. ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ವೈರನ್ನು ಬಟ್ಟೆಯೊಳಗೆ ಒಂದು ಸುತ್ತು ಸುತ್ತಿ ಟೇಪ್ ಅಂಟಿಸಿದರೆ ಎಳೆತದ ಗರಗರ ಸದ್ದು ಬರುವುದಿಲ್ಲ. ಸೆಟ್ಟಿಂಗನ್ನು 48 ಕಿಲೋಹರ್ಟ್ಸ್, 24 ಬಿಟ್‌ಗೆ ಇಟ್ಟು ರೆಕಾರ್ಡ್ ಮಾಡಿ, ಜೋರಾದ ಮಾತು ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಇಡಬೇಕು. ಮೀಟರಿನ ಕೊನೆಯ ಮಿತಿಯಾದ ಸೊನ್ನೆ ದಾಟಿ ಒಡೆದ ದನಿಯನ್ನು ಪೂರ್ತಿ ಸರಿಪಡಿಸಲಾಗದು. ಮೀಟರ್ ನೋಡಿದರಷ್ಟೇ ಸಾಲದು, ಬಟ್ಟೆಯ ಸರಸರ ಗೊತ್ತಾಗುವುದು ಹೆಡ್‌ಫೋನಿನಲ್ಲಿ ಮಾತ್ರ. ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನಿದ್ದು 30 ಸೆಕೆಂಡ್ ಬರಿಯ ಕೋಣೆಯ ಸದ್ದನ್ನು ಹಿಡಿದಿಟ್ಟುಕೊಳ್ಳಬೇಕು. ಕತ್ತರಿಸಿದ ಕಡೆ ತುಂಬಲು ಅದೇ ಬೇಕು.

ಫೋನಿನಲ್ಲಿ ಚಿತ್ರ, ಬೇರೆ ರೆಕಾರ್ಡರಿನಲ್ಲಿ ಧ್ವನಿ ಹಿಡಿದಾಗ ಇನ್ನೊಂದು ತೊಡಕಿದೆ. ಹಲವು ಫೋನುಗಳಲ್ಲಿ ಫ್ರೇಮ್ ದರ, ಅಂದರೆ ಸೆಕೆಂಡಿಗೆ ಹಿಡಿಯುವ ಚಿತ್ರಗಳ ಸಂಖ್ಯೆ, ಒಂದೇ ಸಮ ಇರುವುದಿಲ್ಲ. ಹಾಗಾಗಿ ಆರಂಭದಲ್ಲಿ ಒಂದು ಚಪ್ಪಾಳೆ ತಟ್ಟಿ, ಅದರ ಗುರುತಿನಲ್ಲಿ ಚಿತ್ರವನ್ನೂ ಧ್ವನಿಯನ್ನೂ ಹೊಂದಿಸಿದ್ದರೂ ಹತ್ತು ನಿಮಿಷದ ಹೊತ್ತಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗಬಹುದು. ಎಡಿಟಿಂಗ್ ಶುರುಮಾಡುವ ಮುನ್ನವೇ ಫೈಲನ್ನು ಸ್ಥಿರ ಫ್ರೇಮ್ ದರಕ್ಕೆ ಬದಲಿಸಿಕೊಳ್ಳಬೇಕು.

ಬೆಳಕಿನದು ಸುಲಭ: ವಿದ್ಯುತ್ 50 ಹರ್ಟ್ಸ್ ಇರುವಲ್ಲಿ ಸೆಕೆಂಡಿಗೆ 25 ಫ್ರೇಮ್, ಷಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿ) 1/50 ಸೆಕೆಂಡ್. 60 ಹರ್ಟ್ಸ್ ಇದ್ದರೆ 30 ಮತ್ತು 1/60. ಇದನ್ನು ತಪ್ಪಿಸಿದರೆ ಟ್ಯೂಬ್‌ಲೈಟು, ಕೆಲವು ಎಲ್‌ಇಡಿಗಳು ಮಿನುಗುತ್ತವೆ.

ಫೈಲ್ ಕಳೆದುಕೊಳ್ಳುವುದು ಇನ್ನೂ ದೊಡ್ಡ ನಷ್ಟ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಒಂದು ಗಂಟೆ ಚಿತ್ರೀಕರಿಸಿದರೆ 45 ಗಿಗಾಬೈಟ್ ಆಗುತ್ತದೆ. ಜಾಗ ಸಾಲದೆ ಕಾರ್ಡನ್ನು ಅವಸರದಲ್ಲಿ ಅಳಿಸುವುದು, ಮರುದಿನ ಒಂದೇ ಡ್ರೈವಿನಲ್ಲಿದ್ದ ಪ್ರತಿ ಕೈಕೊಡುವುದು, ಎರಡೂ ಆಗುವಂಥದ್ದೇ. ಎರಡು ಬೇರೆ ಡ್ರೈವುಗಳಿಗೆ ನಕಲು ಮಾಡಿ, ಅಲ್ಲಲ್ಲಿ ತೆರೆದು ನೋಡಿದ ಮೇಲಷ್ಟೇ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಬೇಕು.

ಸೇರುವವರು ಕಾಲೇಜನ್ನು ಕೇಳಬೇಕಾದ್ದು ಇಷ್ಟು: ಒಂದು ಕಿಟ್‌ಗೆ ಎಷ್ಟು ವಿದ್ಯಾರ್ಥಿಗಳು? ಎಡಿಟಿಂಗ್ ಕೊಠಡಿ ತರಗತಿಯ ಹೊರಗೂ ತೆರೆದಿರುತ್ತದೆಯೇ? ಗುಂಪಿನಲ್ಲಿ ಕೆಲಸ ಸರದಿಯಂತೆ ಬದಲಾಗುತ್ತದೆಯೇ? ನಾಲ್ವರ ಗುಂಪನ್ನು ಅದರ ಪಾಡಿಗೆ ಬಿಟ್ಟರೆ ಮೊದಲ ದಿನ ಕ್ಯಾಮೆರಾ ಹಿಡಿದವರೇ ಕೊನೆಯವರೆಗೂ ಹಿಡಿಯುತ್ತಾರೆ, ಮಾತು ಕಡಿಮೆ ಇರುವ ವಿದ್ಯಾರ್ಥಿ ಸ್ಟ್ಯಾಂಡ್ ಹೊರುತ್ತಲೇ ಕೋರ್ಸು ಮುಗಿಸುತ್ತಾರೆ. ನಾಲ್ಕು ಪ್ರಾಜೆಕ್ಟು, ನಾಲ್ಕು ಸರದಿ ಎಂದು ನಿಯಮ ಮಾಡಿ, ಧ್ವನಿಗೆ ಬೇರೆಯೇ ಅಂಕ ಇಡಲಿ.

– ವಿಡಿಯೊ ತಯಾರಿಕೆ ಬೋಧಕರು